ಬೆಂಗಳೂರಿನ ಮನೆ ಬಾಡಿಗೆಗೆ ಕೊಟ್ಟು ಲಂಡನ್ನಿಗೆ ಬಂದವರಿಗೆ

ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕರಿಬೇವು ಎಲ್ಲಿ ಸಿಗುತ್ತದೆ, ಮಕ್ಕಳ ಸ್ಕೂಲಿಗೆ ಯಾವ ಏರಿಯಾ ಒಳ್ಳೆಯದು, ಸೋನಾ ಮಸೂರಿ ಯಾವ ಅಂಗಡಿಯಲ್ಲಿ ಅಗ್ಗ. ಊರಲ್ಲಿ ಬಿಟ್ಟುಬಂದ ಫ್ಲಾಟಿನ ಮಾತು ಬರುವುದು ಅಲ್ಲಿ ಏನಾದರೂ ಕೆಟ್ಟ ಮೇಲೆ. ಅಲ್ಲಿಯವರೆಗೆ ಎಲ್ಲರದೂ ಒಂದೇ ಉತ್ತರ: "ಅಪ್ಪ ನೋಡ್ಕೊಳ್ತಾರೆ." ನಾನೂ ಹಾಗೇ ಹೇಳಿಕೊಂಡು ಓಡಾಡಿದವನು. ಆ ಉತ್ತರದ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ಮೊದಲು ಕಾಗದಪತ್ರ ಮುಗಿಸಿಬಿಡೋಣ.

ಊರಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆ ಮಾಡಿಸಿ, ಬಾಡಿಗೆ ಅದಕ್ಕೇ ಬರಲಿ. ಅಗ್ರಿಮೆಂಟಿಗೆ ನಿಮ್ಮ ಪರವಾಗಿ ಬೇರೆಯವರು ಸಹಿ ಹಾಕುವುದಾದರೆ ಪವರ್ ಆಫ್ ಅಟಾರ್ನಿ ಬೇಕು. ಅದರಲ್ಲಿ ಮಾರುವ ಹಕ್ಕು ಬರೆಯಬೇಡಿ, ಬಾಡಿಗೆ ವ್ಯವಹಾರಕ್ಕೆ ಬೇಕಾದಷ್ಟೇ ಸಾಕು. ಇಲ್ಲಿ ಸಹಿ ಮಾಡಿದ ಪತ್ರ ಭಾರತ ಮುಟ್ಟಿದ 3 ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿ. ಮನೆ ಕಂದಾಯ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಇದೆ. ಬಾಡಿಗೆಗೆ ಕೊಟ್ಟ ಮನೆಗೆ ಕಂದಾಯದ ದರ ಸ್ವಂತ ವಾಸದ ಮನೆಗಿಂತ ಜಾಸ್ತಿ, ಚದರಡಿಗೆ ಇಷ್ಟು ಅಂತ ಲೆಕ್ಕ ಹಾಕುವ ಯೂನಿಟ್ ಏರಿಯಾ ಪದ್ಧತಿಯಲ್ಲಿ ಎರಡರಷ್ಟು. ಹೋದ ವರ್ಷದ ಹಾಗೇ ಸ್ವಂತ ವಾಸ ಅಂತ ಒತ್ತಿ ಮುಂದೆ ಹೋಗಬೇಡಿ. 11 ತಿಂಗಳ ಅಗ್ರಿಮೆಂಟು, ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಇವೆಲ್ಲ ನಿಮಗೆ ಗೊತ್ತಿರುವುದೇ.

ಗೊತ್ತಿಲ್ಲದ್ದು ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಊರಲ್ಲೇ ಇರುವ ಓನರ್‌ಗೆ ತಿಂಗಳಿಗೆ 50,000 ರೂಪಾಯಿವರೆಗೆ ಬಾಡಿಗೆ ಕೊಡುವ ಸಂಸಾರಸ್ಥರು ಏನೂ ಹಿಡಿಯಬೇಕಿಲ್ಲ. ಓನರ್ ಅನಿವಾಸಿಯಾದರೆ ಆ ಮಿತಿಯೇ ಇಲ್ಲ. ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು 31.2% ಹಿಡಿದು ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಅದಕ್ಕಾಗಿ ತೆರಿಗೆ ಹಿಡಿಯುವವರಿಗೆ ಇಲಾಖೆ ಕೊಡುವ ಟ್ಯಾನ್ ನಂಬರ್ ಮಾಡಿಸಬೇಕು, 3 ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಬೇಕು. ಇದನ್ನು ಕೇಳಿದ ಅರ್ಧ ಜನ "ಯೋಚನೆ ಮಾಡಿ ಹೇಳ್ತೀವಿ ಸಾರ್" ಅಂತ ಹೋದವರು ತಿರುಗಿ ಬರುವುದಿಲ್ಲ.

30,000 ಬಾಡಿಗೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 9,360 ಸರ್ಕಾರಕ್ಕೆ ಹೋಗಿ ನಿಮ್ಮ ಖಾತೆಗೆ 20,640 ಬರುತ್ತದೆ. ವರ್ಷದ 3,60,000ದಲ್ಲಿ ಕಂದಾಯ ಕಳೆದು, ಉಳಿದದ್ದರಲ್ಲಿ ಕಾನೂನೇ ಬಿಟ್ಟುಕೊಡುವ 30% ತೆಗೆದರೆ ಸುಮಾರು ಎರಡೂವರೆ ಲಕ್ಷ ಉಳಿಯುತ್ತದೆ. ಭಾರತದಲ್ಲಿ ಬೇರೆ ಆದಾಯ ಇಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಇಲ್ಲದ 4 ಲಕ್ಷದ ಮಿತಿಯೊಳಗೇ ಬಂತು. ಕಟ್ಟಬೇಕಾದ ತೆರಿಗೆ ಸೊನ್ನೆ, ಹಿಡಿದುಕೊಂಡದ್ದು ಲಕ್ಷದ ಮೇಲೆ! ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಇನ್ನೂ ಒಳ್ಳೆಯ ದಾರಿ ಅಂದರೆ ಮೊದಲೇ ಅರ್ಜಿ ಹಾಕಿ ಕಡಿಮೆ ಕಡಿತದ ಸರ್ಟಿಫಿಕೇಟ್ ತೆಗೆದುಕೊಳ್ಳುವುದು. ಅದನ್ನು ಪ್ರತಿ ಹಣಕಾಸು ವರ್ಷವೂ ಹೊಸದಾಗಿ ಮಾಡಿಸಬೇಕು.

ಬ್ರೋಕರ್ ಹತ್ತಿರ ಇದಕ್ಕಿಂತ ಸುಲಭದ ಉಪಾಯ ಇರುತ್ತದೆ. "ಬಾಡಿಗೆ ನಿಮ್ಮ ತಂದೆಯವರ ಖಾತೆಗೆ ಹಾಕಿಸ್ತೀನಿ ಸಾರ್, ಯಾರಿಗೂ ಗೊತ್ತಾಗಲ್ಲ." ಗೊತ್ತಾಗುತ್ತದೆ. ಬಾಡಿಗೆದಾರರು ಆಫೀಸಿನಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿ ಕೇಳುವಾಗ, ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದ್ದರೆ ಓನರ್‌ನ ಪ್ಯಾನ್ ಕೊಡಲೇಬೇಕು. ಮನೆ ಒಬ್ಬರ ಹೆಸರಲ್ಲಿ, ದುಡ್ಡು ಇನ್ನೊಬ್ಬರ ಖಾತೆಗೆ. ನಿವೃತ್ತಿ ಆದಮೇಲೆ ಪಿಂಚಣಿ ಬಿಟ್ಟು ಬೇರೆ ಲೆಕ್ಕ ಇಲ್ಲದ ಅಪ್ಪನಿಗೆ ಯಾಕೆ ಈ ರಗಳೆ? ಇನ್ನೊಂದು, ಹಿಡಿಯದೆ ಬಿಟ್ಟ ಟಿಡಿಎಸ್‌ಗೆ ಇಲಾಖೆ ಹಿಡಿಯುವುದು ಬಾಡಿಗೆದಾರರನ್ನು. ನಿಮ್ಮ ಮನೆಯಲ್ಲಿದ್ದ ತಪ್ಪಿಗೆ ಅವರು ದಂಡ ಕಟ್ಟುವುದು ಅನ್ಯಾಯ. ಟ್ಯಾನ್ ಮಾಡಿಸುವ, ಲೆಕ್ಕ ಸಲ್ಲಿಸುವ ಆಡಿಟರ್ ಫೀಸನ್ನು ನೀವೇ ಕೊಡಿ. ಮನೆ ಖಾಲಿ ಬಿದ್ದಿರುವುದಕ್ಕಿಂತ ಅದು ಎಷ್ಟೋ ಅಗ್ಗ.

ಬ್ರಿಟನ್ ಕಡೆಯ ಲೆಕ್ಕ ಎರಡೇ ಮಾತು. ಹಿಂದಿನ 10 ವರ್ಷ ಇಲ್ಲಿನ ನಿವಾಸಿಯಾಗಿರದೆ ಬಂದವರಿಗೆ, 2025ರ ಏಪ್ರಿಲ್ 6ರಿಂದ ಜಾರಿಯಾದ ನಿಯಮದಲ್ಲಿ, ಮೊದಲ 4 ವರ್ಷ ಊರಿನ ಬಾಡಿಗೆಯಂಥ ಹೊರದೇಶದ ಆದಾಯಕ್ಕೆ ಇಲ್ಲಿನ ತೆರಿಗೆಯಿಂದ ವಿನಾಯಿತಿ ಕೇಳಬಹುದು. ಕೇಳಿದರೆ ಇಲ್ಲಿನ ಪರ್ಸನಲ್ ಅಲೋವೆನ್ಸ್, ಅಂದರೆ ತೆರಿಗೆ ಇಲ್ಲದೆ ಬಿಡುವ ಆದಾಯದ ಭಾಗ, ಹೋಗುತ್ತದೆ. ಹಾಗಾಗಿ ಸಣ್ಣ ಬಾಡಿಗೆಯವರು ಸುಮ್ನೆ ಆಸೆಪಡದೆ ಲೆಕ್ಕ ಹಾಕಿ ನೋಡಿ.

ಈಗ ಬಾಡಿಗೆದಾರರ ವಿಷಯ. ನೀವು ಅಲ್ಲಿ ಓನರ್, ಇಲ್ಲಿ ಬಾಡಿಗೆದಾರ. ಈ ಎರಡು ಪಾತ್ರ ಒಬ್ಬರೇ ಮಾಡುವಾಗ ನಮ್ಮವರ ನಾಲಿಗೆ ಹೇಗೆ ಹೊರಳುತ್ತದೆ ನೋಡಬೇಕು. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡೆಪಾಸಿಟ್ 5 ವಾರದ ಬಾಡಿಗೆ ಮೀರುವಂತಿಲ್ಲ. ಅದನ್ನೂ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಸೇರಿಸಬೇಕು. ಬಿಡುವಾಗ ಏಜೆಂಟ್ ಒಂದು ಮೊಳೆ ತೂತಿಗೆ ದುಡ್ಡು ಹಿಡಿದ ಅಂತ ಯುಗಾದಿ ಊಟದ ಪಂಕ್ತಿಯಲ್ಲಿ ಅರ್ಧ ಗಂಟೆ ಬೈದವರೇ, ಬೆಂಗಳೂರಿನಲ್ಲಿ 10 ತಿಂಗಳ ಅಡ್ವಾನ್ಸ್ ತೆಗೆದುಕೊಂಡು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡಿರುತ್ತಾರೆ. ಪೇಂಟ್ ಮಾಡಿಸಿರುವುದೂ ಇಲ್ಲ! ಒಗ್ಗರಣೆ ವಾಸನೆ ಅಂತ ಇಲ್ಲಿ ಯಾರೋ ಮನೆ ಕೊಡಲಿಲ್ಲ ಅಂತ ಕುದಿಯುವವರು, ಅಲ್ಲಿ ಮೀನು ಮಾಂಸ ತಿನ್ನುವವರಿಗೆ ಬೇಡ, ಬ್ಯಾಚುಲರ್‌ಗಳಿಗೆ ಬೇಡ ಅಂತ ಬ್ರೋಕರ್‌ಗೆ ಹೇಳಿ ಬಂದಿರುತ್ತಾರೆ. ನನಗಂತೂ ಇದು ನುಂಗಲಾಗದ ವಿಷಯ.

ಅಡ್ವಾನ್ಸ್ ನಿಮ್ಮ ದುಡ್ಡಲ್ಲ. ಬಹಳ ಜನ ಅದನ್ನು ವೀಸಾ ಫೀಸಿಗೆ, ಟಿಕೆಟ್ಟಿಗೆ, ಇಲ್ಲಿನ ಮೊದಲ ತಿಂಗಳ ಖರ್ಚಿಗೆ ಹಾಕಿ ಖಾಲಿ ಮಾಡುತ್ತಾರೆ. ಆಮೇಲೆ ಹಳಬರು ಬಿಟ್ಟಾಗ "ಹೊಸಬರು ಅಡ್ವಾನ್ಸ್ ಕೊಟ್ಟ ತಕ್ಷಣ ಕೊಡ್ತೀವಿ" ಅನ್ನುವುದು. ಹೊಸಬರು ಯಾವಾಗ ಬರುತ್ತಾರೋ ಯಾರಿಗೆ ಗೊತ್ತು? ಅದನ್ನು ಹಾಗೇ ಫಿಕ್ಸೆಡ್ ಡೆಪಾಸಿಟ್‌ನಲ್ಲಿಡಿ. ಇಲ್ಲಿಂದ ಕಲಿಯಬೇಕಾದ್ದು ಒಂದಿದ್ದರೆ ಅದು ಇನ್ವೆಂಟರಿ. ಬಾಡಿಗೆದಾರರು ಹಾಲು ಉಕ್ಕಿಸುವ ಮೊದಲೇ ಪ್ರತಿ ಗೋಡೆ, ನಲ್ಲಿ, ಗೀಸರ್, ಚಿಮಣಿಯ ಫೋಟೋ ತೆಗೆಸಿ ಇಬ್ಬರೂ ಇಟ್ಟುಕೊಳ್ಳಿ. ಹಳಬರು ಗೃಹಜ್ಯೋತಿಗೆ ನಿಮ್ಮ ಮೀಟರಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿದ್ದರೆ ಅದನ್ನು ತೆಗೆಸಿಯೇ ಕಳಿಸಿ. ಇಲ್ಲದಿದ್ದರೆ ಹೊಸಬರ ಕರೆಂಟ್ ಬಿಲ್ಲಿನ ಗಲಾಟೆ ನಿಮ್ಮ ತಲೆಗೇ ಬರುತ್ತದೆ.

ಇನ್ನು ಅಪ್ಪ. ಬೆಂಗಳೂರಿನಲ್ಲಿ ಬೆಳಿಗ್ಗೆ ಏಳಕ್ಕೆ ಗೀಸರ್ ಕೈಕೊಟ್ಟರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂದೂವರೆ. ಬಾಡಿಗೆದಾರರು ಸಭ್ಯರು, ಆ ಹೊತ್ತಿನಲ್ಲಿ ನಿಮ್ಮನ್ನು ಎಬ್ಬಿಸುವುದಿಲ್ಲ. "ಅಂಕಲ್" ಅಂತ ಅಪ್ಪನಿಗೆ ಫೋನ್ ಮಾಡುತ್ತಾರೆ. ಅಪ್ಪ ಬನಶಂಕರಿಯಿಂದ ಆಟೋ ಹಿಡಿದು ಕನಕಪುರ ರಸ್ತೆಗೆ ಹೋಗಿ, ಬರುತ್ತೇನೆ ಅಂದ ಪ್ಲಂಬರ್‌ಗೆ ಗೇಟಿನ ಹತ್ತಿರ ಕಾಯುತ್ತಾರೆ. ಮೇಲಿನ ಮನೆಯ ಬಾತ್‌ರೂಮಿನಿಂದ ಸೋರಿದರೆ ಆ ಮನೆಯವರ ಜೊತೆ ಜಗಳವೂ ಅಪ್ಪನದೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಇಡೀ ಊರು ಟ್ಯಾಂಕರ್ ಹಿಂದೆ ಓಡಿದಾಗ, ಅಸೋಸಿಯೇಷನ್ ಮೀಟಿಂಗಿನಲ್ಲಿ ನನ್ನ ಬದಲು ಬೈಸಿಕೊಂಡವರು ಅಪ್ಪ. ಯಾರದು ಎಷ್ಟು ನೀರು, ಯಾರ ಮೇಂಟೆನೆನ್ಸ್ ಬಾಕಿ ಅಂತ. ನನಗೆ ಇದು ತಿಳಿದದ್ದು ಚಿಕ್ಕಮ್ಮನಿಂದ. ಅಪ್ಪ ಫೋನಿನಲ್ಲಿ ಹೇಳಿದ್ದು, "ಏನೂ ಇಲ್ಲ ಕಣೋ, ನೀನು ನಿನ್ನ ಆಫೀಸು ನೋಡ್ಕೋ."

ಬಾಡಿಗೆ ದುಡ್ಡು ನಮ್ಮದು, ಮೆಟ್ಟಿಲು ಹತ್ತುವ ಮಂಡಿ ಅವರದು. ಇದಕ್ಕೆ ಯಾವ ಡಬಲ್ ಟ್ಯಾಕ್ಸ್ ಒಪ್ಪಂದದಲ್ಲೂ ಪರಿಹಾರ ಇಲ್ಲ. ತಿಂಗಳಿಗೆ ಇಷ್ಟು ಅಂತ ಕೊಟ್ಟು ಒಬ್ಬರನ್ನು ಗೊತ್ತುಮಾಡಿ. ಮನೆ ನೋಡಿಕೊಳ್ಳುವ ಕಂಪನಿ ಇರಬಹುದು, ಅದೇ ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ಇರಬಹುದು. ಬಾಡಿಗೆದಾರರ ಫೋನು ಮೊದಲು ಅವರಿಗೇ ಹೋಗಬೇಕು. ಸಣ್ಣ ರಿಪೇರಿಗೆ ಕೇಳದೆಯೇ ಖರ್ಚು ಮಾಡಲು ಒಂದು ಮೊತ್ತ ಹೇಳಿಬಿಡಿ. ಹೀಗೆ ಮಾಡಿದಾಗ ಅಪ್ಪನಿಗೆ ಸ್ವಲ್ಪ ಬೇಜಾರಾಯಿತು, "ನಾನಿಲ್ವಾ?" ಅಂದರು. ಈಗ ಆ ಎಲೆಕ್ಟ್ರಿಷಿಯನ್ ಮೇಲೆ ಮೇಲ್ವಿಚಾರಣೆ ಶುರುಮಾಡಿದ್ದಾರೆ. ಅವನು ಎಲ್ಲಿ ಕೆಲಸ ಕೆಡಿಸಿದ ಅನ್ನುವ ವರದಿ ಭಾನುವಾರ ನನಗೆ ಬರುತ್ತದೆ. ಆ ಕೆಲಸ ಅವರಿಗೆ ಇಷ್ಟ, ಮಂಡಿಗೂ ತೊಂದರೆ ಇಲ್ಲ.

ಒಂದು ರೂಮಿಗೆ ಬೀಗ ಹಾಕಿ ಸಾಮಾನು ಬಿಟ್ಟು ಬರುವ ಪದ್ಧತಿ ಇದೆಯಲ್ಲ, ಅದನ್ನು ಮಾಡಬೇಡಿ. ಬಾಡಿಗೆ ಕಡಿಮೆಯಾಗುತ್ತದೆ, ಒಳಗೆ ಗೆದ್ದಲು ಹಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ, ಆ ಬೀಗ ನಾವು ಇನ್ನೇನು ವಾಪಸ್ ಹೋಗುತ್ತೇವೆ ಅಂತ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ನಮ್ಮ ಅಜ್ಜಿಯ ಪಟ್ಟದ ಗೊಂಬೆಗಳು ವರ್ಷಗಟ್ಟಲೆ ಅಂಥ ರೂಮಿನಲ್ಲಿದ್ದವು. ಇಲ್ಲಿ ನಮ್ಮ ಮಕ್ಕಳು ನವರಾತ್ರಿಯಲ್ಲಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಬೇರೆಯವರ ಗೊಂಬೆ ನೋಡಿಕೊಂಡು ಬೆಳೆದರು. ಮಗಳಿಗೆ ಗೊಂಬೆ ಕೂರಿಸುವ ವಯಸ್ಸು ದಾಟಿತು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುವುದು, ವಚನ ಬಾಯಿಪಾಠ ಮಾಡಿಸುವುದು ಎಲ್ಲ ಸರಿ. ಅಜ್ಜಿಯ ಗೊಂಬೆ ಎರಡು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತನ್ನಿ, ಎರಡು ಕೆಜಿ ಚಟ್ನಿಪುಡಿ ಕಡಿಮೆಯಾದರೂ ಪರವಾಗಿಲ್ಲ.

ಮಕ್ಕಳಿಗೆ ಆ ಫ್ಲಾಟು ಏನು ಅನ್ನುವುದನ್ನು ಬೇಗ ಕೇಳಿ ತಿಳಿದುಕೊಳ್ಳಿ. ರಜೆಗೆ ಹೋದಾಗ ಮಗಳನ್ನು ತೋರಿಸಲು ಕರೆದುಕೊಂಡು ಹೋದೆ. ಬಾಡಿಗೆಯವರು ಕಾಫಿ, ಕೋಡುಬಳೆ ಕೊಟ್ಟರು. ಅವರ ಮಗ ತನ್ನ ರೂಮು, ತನ್ನ ಬಾಲ್ಕನಿ ಅಂತ ಎಲ್ಲ ತೋರಿಸಿದ. ಆಟೋದಲ್ಲಿ ಬರುವಾಗ ಮಗಳು, "ಅವರ ಮನೆ ಚೆನ್ನಾಗಿದೆ" ಅಂದಳು. ತಿದ್ದಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಇಟ್ಟುಕೊಳ್ಳುವುದೋ ಮಾರುವುದೋ ಅನ್ನುವ ಮಾತು ಗಂಡ ಹೆಂಡತಿ ಕೂತು ಒಮ್ಮೆ ಆಡಿ. ಅನಿವಾಸಿಗಳು ಮಾರುವಾಗ ಕಡಿಮೆ ಕಡಿತದ ಸರ್ಟಿಫಿಕೇಟ್ ಇಲ್ಲದಿದ್ದರೆ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ ಟಿಡಿಎಸ್ ಹಿಡಿಯುತ್ತಾರೆ. 2024ರಿಂದ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಖಾತಾದ ಡಿಜಿಟಲ್ ರೂಪ, ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ, ನಿಮ್ಮ ಮನೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ಮಾರುವ ಯೋಚನೆ ಇಲ್ಲದಿದ್ದರೂ ಮುಂದಿನ ಸಲ ಊರಿಗೆ ಹೋದಾಗ ಖಾತಾ, ಕಂದಾಯದ ರಸೀದಿ, ಕ್ರಯಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ನೀವೇ ಕೂತು ಹೋಲಿಸಿ. ಅದಕ್ಕೂ ಅಪ್ಪನನ್ನು ಕಳಿಸಬೇಡಿ.