ಅಮೆರಿಕದ ಆಡಳಿತ ಪದಗಳಿಗೆ ಕನ್ನಡ ಹುಡುಕಿದ ಬಗೆ

ಅಮೆರಿಕದ ಇತಿಹಾಸ ಮತ್ತು ಆಡಳಿತದ ಪದಕೋಶ ಮಾಡುವಾಗ, ಮಸೂದೆ ತಡೆಯಲು ಚರ್ಚೆಯನ್ನು ಎಳೆಯುವ ಫಿಲಿಬಸ್ಟರ್‌ನಂಥ ಅಪರಿಚಿತ ಪದಗಳು ಅಷ್ಟು ಕಾಡಲಿಲ್ಲ. ಕಾಡಿದ್ದು ಗೊತ್ತಿದೆ ಅನ್ನಿಸುವ ಪದಗಳೇ. ‘ಕಾಂಗ್ರೆಸ್’ ನಮ್ಮ ಓದುಗರಿಗೆ ಪಕ್ಷ, ಅಲ್ಲಿ ಅದು ಸಂಸತ್ತು. ‘ಸೆಕ್ರೆಟರಿ’ ಎಂದಕೂಡಲೇ ಕೈ ‘ಕಾರ್ಯದರ್ಶಿ’ ಎಂದು ಬರೆದುಬಿಡುತ್ತದೆ. ಆದರೆ ಸೆಕ್ರೆಟರಿ ಆಫ್ ಸ್ಟೇಟ್ ಅಂದರೆ ವಿದೇಶಾಂಗ ಸಚಿವರು. ಗವರ್ನರ್ ಅವರನ್ನು ‘ರಾಜ್ಯಪಾಲ’ ಎನ್ನುವುದು ಇನ್ನೂ ದೊಡ್ಡ ತಪ್ಪು. ಅವರನ್ನು ಜನ ಆರಿಸುತ್ತಾರೆ, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ‘ಗವರ್ನರ್’ ಎಂದೇ ಉಳಿಸಿಕೊಂಡೆ.

ಪ್ರತಿ ಪದಕ್ಕೂ ಒಂದು ಕಾರ್ಡ್ ಇಟ್ಟೆ. ಕನ್ನಡ ಪದವನ್ನು ಕೊನೆಗೆ ಬರೆಯುತ್ತಿದ್ದೆ. ಮೊದಲು ಯಾರು ಮಾಡುತ್ತಾರೆ, ಯಾರ ಮೇಲೆ, ಎಷ್ಟು ಮತ ಬೇಕು, ಆಮೇಲೇನು, ಇಷ್ಟನ್ನು ತುಂಬಬೇಕು.

ಇಂಪೀಚ್‌ಮೆಂಟ್ ಕಾರ್ಡ್ ನೋಡಿ. ಪತ್ರಿಕೆಗಳಲ್ಲಿ ‘ವಾಗ್ದಂಡನೆ’, ‘ಮಹಾಭಿಯೋಗ’ ಎರಡೂ ಓಡುತ್ತವೆ. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆ ಅಧ್ಯಕ್ಷರಂಥವರ ಮೇಲೆ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ, ಇಂಪೀಚ್‌ಮೆಂಟ್ ಅಂದರೆ ಅಷ್ಟೇ. ವಿಚಾರಣೆ ಮೇಲ್ಮನೆಯಾದ ಸೆನೆಟ್‌ನದು, ತಪ್ಪಿತಸ್ಥ ಎನ್ನಲು ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ಬೇಕು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ವಿರುದ್ಧ 35 ಮತ ಬಿದ್ದವು, ಪರವಾಗಿ 19. ಒಂದೇ ಮತದಿಂದ ಕುರ್ಚಿ ಉಳಿಯಿತು. ಕ್ಲಿಂಟನ್ (1998), ಟ್ರಂಪ್ (2019, 2021) ಕೂಡ ಆರೋಪಕ್ಕೆ ಒಳಗಾದರು, ಪದಚ್ಯುತರಾಗಲಿಲ್ಲ. ನಿಕ್ಸನ್ 1974ರಲ್ಲಿ ಸಭೆ ಮತ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು, ಹಾಗಾಗಿ ಅವರನ್ನು ಈ ಪಟ್ಟಿಗೆ ಸೇರಿಸಬಾರದು. ‘ವಾಗ್ದಂಡನೆ’ಯಲ್ಲಿ ಶಿಕ್ಷೆ ಆಗಿಹೋದ ಧ್ವನಿಯಿದೆ. ಅಭಿಯೋಗ ಅಂದರೆ ಆರೋಪ, ಮೊಕದ್ದಮೆ. ಅದಕ್ಕೇ ‘ಮಹಾಭಿಯೋಗ’ ಆರಿಸಿ, ‘ಪದಚ್ಯುತಿ’ಗೆ ಬೇರೆ ಕಾರ್ಡ್ ಮಾಡಿದೆ.

ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿಗೆ ‘ಚುನಾಯಕರ ಮಂಡಳಿ’ ಎಂದು ಬರೆದು, ಪಕ್ಕದಲ್ಲೇ ಲೆಕ್ಕ ಕೊಟ್ಟೆ: ಪ್ರತಿನಿಧಿಗಳ 435, ಸೆನೆಟರ್‌ಗಳ 100, ರಾಜಧಾನಿ ವಾಷಿಂಗ್ಟನ್‌ಗೆ 3, ಒಟ್ಟು 538, ಗೆಲ್ಲಲು 270. ಈ ಲೆಕ್ಕ ನೋಡಿ ಸಂಸದರೇ ಮತ ಹಾಕುತ್ತಾರೆ ಅಂದುಕೊಳ್ಳುವವರಿದ್ದಾರೆ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಚುನಾಯಿತ ಸಂಸದರು, ಶಾಸಕರು ಮತ ಹಾಕುವುದೂ ಅದಕ್ಕೊಂದು ಕಾರಣ. ಅಲ್ಲಿ ಸಂವಿಧಾನವೇ ಸಂಸದರು ಚುನಾಯಕರಾಗುವುದನ್ನು ನಿಷೇಧಿಸಿದೆ. ಚುನಾಯಕರು ಒಂದೆಡೆ ಸೇರುವುದೂ ಇಲ್ಲ, ತಂತಮ್ಮ ರಾಜ್ಯದಲ್ಲೇ ಮತ ಹಾಕುತ್ತಾರೆ. ಆದ್ದರಿಂದ ‘ಸಭೆ’ ಎಂಬ ಪದ ಬೇಡ.

ಸೆನೆಟ್ ಕಾರ್ಡಿಗೆ ವರ್ಷದ ಒಂದು ಸಾಲು ಸೇರಿಸಬೇಕಾಯಿತು. 1913ರ 17ನೇ ತಿದ್ದುಪಡಿಗೆ ಮುಂಚೆ ರಾಜ್ಯ ಶಾಸನಸಭೆಗಳು ಸೆನೆಟರ್‌ಗಳನ್ನು ಆರಿಸುತ್ತಿದ್ದವು, ಆ ಕಾಲಕ್ಕೆ ರಾಜ್ಯಸಭೆಯ ಹೋಲಿಕೆ ಅಷ್ಟರಮಟ್ಟಿಗೆ ನಿಲ್ಲುತ್ತದೆ. ಈಗ ನೇರ ಚುನಾವಣೆ. ಸ್ಥಾನಗಳ ಹಂಚಿಕೆಯಂತೂ ಎಂದೂ ಹೊಂದುವುದಿಲ್ಲ: ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ 1, ಅಲ್ಲಿ ಕ್ಯಾಲಿಫೋರ್ನಿಯಾಕ್ಕೂ ಪುಟ್ಟ ಜನಸಂಖ್ಯೆಯ ವಯೋಮಿಂಗ್‌ಗೂ ತಲಾ 2.