ಮಗುವಿನ ಜೀವನಾಂಶ: ಲೆಕ್ಕ ಹಾಕೋದು ಹೇಗೆ?

ಗಂಡ ಹೆಂಡತಿ ಬೇರೆಯಾದರೆ ಗಂಡನ ಸಂಬಳದ 25 ಪರ್ಸೆಂಟ್ ಬಂದೇ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅದು 2017ರಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯ ಜೀವನಾಂಶದ ಬಗ್ಗೆ ಹೇಳಿದ ಮಾತು, ಕಾನೂನಿನಲ್ಲಿ ಬರೆದಿಟ್ಟ ದರವಲ್ಲ. ಮಗುವಿನ ಲೆಕ್ಕ ಶುರುವಾಗೋದು ಮಗುವಿನ ಖರ್ಚಿನಿಂದ.

ಮೊದಲು ಒಂದು ಹಾಳೆ ತಗೊಳ್ಳಿ. ಊಟ, ಬಟ್ಟೆ, ಬಾಡಿಗೆಯಲ್ಲಿ ಮಗುವಿನ ಪಾಲು, ಔಷಧಿ, ಶಾಲೆ ಫೀ, ವ್ಯಾನ್, ಟ್ಯೂಷನ್, ಎಲ್ಲ ಬರೆಯಿರಿ. ಜೂನ್‌ನಲ್ಲಿ ಒಂದೇ ಸಲ ಕಟ್ಟುವ ಫೀಯನ್ನು 12ರಿಂದ ಭಾಗಿಸಿ ತಿಂಗಳಿಗೆ ಸೇರಿಸಿ, ಇದನ್ನು ಮರೆಯುವವರೇ ಜಾಸ್ತಿ. ರಸೀದಿ ಇಟ್ಟುಕೊಳ್ಳಿ.

ಆಮೇಲೆ ಇಬ್ಬರ ಆದಾಯ. ನೌಕರಿ ಇದ್ದರೆ ಸುಲಭ: ಸಂಬಳದ ಚೀಟಿಯಲ್ಲಿ ಟ್ಯಾಕ್ಸ್, ಪಿಎಫ್‌ನಂಥ ಕಡ್ಡಾಯ ಕಡಿತ ಕಳೆಯಿರಿ. ಕಾರಿನ ಕಂತು ತೋರಿಸಿ ಕೈಗೆ ಏನೂ ಉಳಿಯಲ್ಲ ಅಂದರೆ ಕೋರ್ಟ್ ಸಾಮಾನ್ಯವಾಗಿ ಒಪ್ಪೋದಿಲ್ಲ. ಕಷ್ಟ ಇರೋದು ಹೊಲದ ಆದಾಯದಲ್ಲಿ. ಹಾವೇರಿ ಕಡೆ ಮೆಣಸಿನಕಾಯಿ ಬೆಳೆಯುವವರಿಗೆ ತಿಂಗಳ ಸಂಬಳ ಎಲ್ಲಿಂದ ಬರಬೇಕು? ಅಲ್ಲಿ ಹೊಲದ ಉತಾರ (ಪಹಣಿ), ಬ್ಯಾಡಗಿ ಮಾರ್ಕೆಟ್‌ನಲ್ಲಿ ಮಾರಿದ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಇವೇ ಸಾಕ್ಷಿ. ಒಂದು ಒಳ್ಳೆ ವರ್ಷ ಹಿಡಿದು ಲೆಕ್ಕ ಹಾಕಬೇಡಿ, ಎರಡು ಮೂರು ವರ್ಷದ ಸರಾಸರಿ ತೆಗೆಯಿರಿ.

ಮಗುವಿಗೆ ತಿಂಗಳಿಗೆ 12,000 ಬೇಕು, ಅಪ್ಪನ ಕೈಗೆ 36,000, ಅಮ್ಮನಿಗೆ 18,000 ಬರುತ್ತದೆ ಅನ್ನಿ. ಆದಾಯದ ಪ್ರಮಾಣದಲ್ಲಿ ಹಂಚಿದರೆ ಅಪ್ಪ 8,000, ಅಮ್ಮ 4,000. ಇದು ಮಾತುಕತೆಗೆ ಅಂದಾಜು ಅಷ್ಟೇ. ಶಾಲೆ ಖರ್ಚನ್ನು ಸಾಮಾನ್ಯವಾಗಿ ಅಪ್ಪನೇ ಕೊಡಬೇಕು, ಅಮ್ಮ ಸಾಕಷ್ಟು ದುಡಿಯುತ್ತಿದ್ದರೆ ಹಂಚಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಅಂದದ್ದೂ ಅದೇ ತೀರ್ಪು. ಹಾಗಾಗಿ ದುಡ್ಡು ಕೊಡಬೇಕಾದವರು ಸುಧಾರಿಸಲಿ ಅಂತ ಸುಮ್ನೆ ಕಾಯುತ್ತ ಕೂತರೆ ಆ ತಿಂಗಳುಗಳ ದುಡ್ಡು ಸಾಮಾನ್ಯವಾಗಿ ಸಿಗೋದಿಲ್ಲ.

ಅರ್ಜಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ ಹಾಕಬಹುದು, ಹಳೇ ಸಿಆರ್‌ಪಿಸಿ ಕಾನೂನಿನ 125ನೇ ಸೆಕ್ಷನ್ ಅಂದರೆ ಇದೇ. ಕೇಸು ಮುಗಿಯುವವರೆಗೆ ಸಿಗುವ ಮಧ್ಯಂತರ ಜೀವನಾಂಶವನ್ನೂ ಕೇಳಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ, ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದೆ, ಸಹಾಯವಾಣಿ 15100. ಆದೇಶ ಆದಮೇಲೂ ದುಡ್ಡು ಕೊಡದಿದ್ದರೆ, ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ.