ಏರಿಯಾ ಗ್ರೂಪಿಗೆ ಡೆಂಗಿ ಮೆಸೇಜ್: ನಾವು ಕಳಿಸುವ ಬಗೆ

ಬೆಂಗಳೂರಿನ ವಠಾರ, ಬಾಡಿಗೆ ಮನೆಗಳ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಡೆಂಗಿ ಮಾಹಿತಿ ಕಳಿಸುವಾಗ ಒಂದು ಮೆಸೇಜಿನಲ್ಲಿ ಒಂದೇ ಕೆಲಸ ಹೇಳುತ್ತೇವೆ. ಅದನ್ನು ಯಾವತ್ತು ಮಾಡಬೇಕೆಂಬುದನ್ನೂ ಬರೆಯುತ್ತೇವೆ. ‘ಸುತ್ತಮುತ್ತ ಸ್ವಚ್ಛವಾಗಿಡಿ’ ಎಂದು ಓದಿದವರು ಅದು ಚರಂಡಿಯ ಮಾತು ಅಂದುಕೊಳ್ಳುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಹೆಚ್ಚಾಗಿ ಮನೆಯವರೇ ಹಿಡಿದಿಟ್ಟ ತಿಳಿನೀರಿನಲ್ಲಿ.

ದಿನ ಗೊತ್ತುಮಾಡುವುದು ಕಾವೇರಿ ನೀರು. ಅದು ಬರುವ ದಿನ ಬೀದಿಗೊಂದು ಬಗೆ. ನೀರು ಬಿಡುವವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ತುಂಬಿದ ಡ್ರಮ್ ಚೆಲ್ಲಿ ಎಂದು ಈ ಊರಿನಲ್ಲಿ ಕೇಳಲೂಬಾರದು. ನೀರು ಬರುವ ಹಿಂದಿನ ಸಂಜೆ ಡ್ರಮ್ಮಿನ ತಳ ಕಾಣುತ್ತಿರುತ್ತದೆ, ಉಳಿದ ಒಂದೆರಡು ಚೊಂಬು ಗಿಡಕ್ಕೆ ಹಾಕಲು ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಆಗ ಹೋಗುವ ಮೆಸೇಜ್ ಇಷ್ಟೇ: ‘ನಾಳೆ ನಿಮ್ಮ ಬೀದಿಗೆ ನೀರು. ಇವತ್ತು ಡ್ರಮ್ ಖಾಲಿ ಮಾಡಿ, ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆಯಿರಿ. ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಿ.’ ಉಜ್ಜುವ ಮಾತನ್ನು ಬಿಡುವಂತಿಲ್ಲ. ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಗುಲಿದರೆ ಒಡೆದು ಹುಳ ಹೊರಬರುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಇದೇ ಕೆಲಸ. ಫ್ರಿಡ್ಜ್ ಹಿಂದಿನ ಟ್ರೇ, ಹೂಕುಂಡದ ತಟ್ಟೆ, ಎಳನೀರು ಬುರುಡೆ ಬೇರೆ ಬೇರೆ ವಾರದ ಮೆಸೇಜುಗಳು.

ಫೋಟೊ ಅದೇ ಏರಿಯಾದ್ದಾಗಿರಲಿ. ಬಿಳಿ ಮಗ್ಗಿನಲ್ಲಿ ನೀರು ತೆಗೆದು, ಪಕ್ಕದಿಂದ ಟಾರ್ಚ್ ಬಿಟ್ಟರೆ ಕುಣಿಯುವ ಹುಳ, ಅಂದರೆ ಸೊಳ್ಳೆಯ ಲಾರ್ವಾ, ಚೆನ್ನಾಗಿ ಕಾಣುತ್ತದೆ. ಮನೆ ನಂಬರ್, ಮುಖ ಬೀಳಬಾರದು. ಓದಲಾಗದವರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್: ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ. ಆಯಾ ಭಾಷೆ ಆಡುವ ಅಕ್ಕಪಕ್ಕದವರೇ ಮಾತಾಡಬೇಕು. ಗೊತ್ತಿರುವ ದನಿಗೆ ಜನ ಕಿವಿಗೊಡುತ್ತಾರೆ.

ಫಾರ್ವರ್ಡ್ ಮಾಡುತ್ತ ಹೋಗಬೇಡಿ. ಹಲವು ಕೈ ದಾಟಿದ ಮೆಸೇಜಿಗೆ ಎರಡು ಬಾಣದ ಗುರುತು ಬೀಳುತ್ತದೆ, ಆಮೇಲೆ ಒಂದು ಸಲಕ್ಕೆ ಒಂದೇ ಚಾಟಿಗೆ ಹೋಗುತ್ತದೆ. ಮೂಲ ಪಠ್ಯವನ್ನು ಪ್ರತಿ ಗ್ರೂಪಿನ ಒಬ್ಬರಿಗೆ ಕೊಟ್ಟು, ಅವರು ಕಾಪಿ ಮಾಡಿ ಹೊಸದಾಗಿ ಹಾಕಲಿ. ಬ್ರಾಡ್‌ಕಾಸ್ಟ್ ಪಟ್ಟಿಯಾದರೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಮೆಸೇಜ್ ತಿದ್ದಲು ಸಿಗುವುದು 15 ನಿಮಿಷ, ಅಷ್ಟರಲ್ಲಿ ಕೈಬದಲಾದ ಪ್ರತಿಗಳು ತಿದ್ದಿಕೊಳ್ಳುವುದಿಲ್ಲ. ಅದಕ್ಕೇ ಚಿತ್ರದ ಮೇಲೆಯೇ ತಾರೀಕು, ಏರಿಯಾ ಹೆಸರು ಇರಬೇಕು. ವೈದ್ಯಕೀಯ ಸಾಲು ಏನಿದ್ದರೂ ವೈದ್ಯರು ನೋಡಿದ ಮೇಲೆಯೇ ಹೊರಗೆ ಹೋಗಬೇಕು.

ಹೆಚ್ಚು ಶ್ರಮ ಬೇಡುವುದು ತಪ್ಪು ಮಾಹಿತಿ. ಪರಂಗಿ ಎಲೆ ರಸ ಕುಡಿದರೆ ಡೆಂಗಿ ವಾಸಿಯಾಗುತ್ತದೆ ಎಂಬ ಸುದ್ದಿ ಪ್ರತಿ ಮಳೆಗಾಲಕ್ಕೂ ಬರುತ್ತದೆ. ಕಳಿಸಿದವರು ಹಿರಿಯರಿರುತ್ತಾರೆ, ಮಕ್ಕಳ ಮೇಲಿನ ಕಾಳಜಿಯಿಂದ ಕಳಿಸಿರುತ್ತಾರೆ. ಗ್ರೂಪಿನಲ್ಲಿ ‘ಸುಳ್ಳು’ ಎಂದು ಬರೆದರೆ ಅವರು ಮುಂದೆ ನಮ್ಮ ಯಾವ ಮಾತನ್ನೂ ಓದುವುದಿಲ್ಲ. ‘ಅಮ್ಮಾ, ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದು ತಡವಾಗಬಾರದು. ಕಹಿಗೆ ವಾಂತಿಯಾದರೆ ಅದು ರೋಗದ ವಾಂತಿಯೋ ರಸದ್ದೋ ತಿಳಿಯುವುದಿಲ್ಲ’ ಎಂದು ಬರೆಯುತ್ತೇವೆ. ಇದಕ್ಕಿಂತ ಅಪಾಯದ್ದು ‘ಜ್ವರ ಬಿಟ್ಟಿತು, ಗುಣವಾಯಿತು’ ಎಂಬ ನಂಬಿಕೆ. ಡೆಂಗಿ ಕೆರಳುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. ಈ ಮೆಸೇಜಿನಲ್ಲಿ ಮೊದಲ ಸಾಲೇ ಸರಿಯಾದ ಮಾತು: ‘ಜ್ವರ ಇಳಿದ ಮೇಲಿನ ಎರಡು ದಿನ ಕಣ್ಣಿಟ್ಟಿರಿ. ಹೊಟ್ಟೆಯಲ್ಲಿ ಜೋರು ನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ. ಮೈಕೈ ನೋವಿಗೆಂದು ಆ್ಯಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ.’ ತಪ್ಪು ಮಾತನ್ನು ಮೇಲೆ ಬರೆದು ಕೆಳಗೆ ಅಲ್ಲಗಳೆದರೆ ಅವಸರದಲ್ಲಿ ಓದುವವರಿಗೆ ಮೇಲಿನದೇ ನೆನಪುಳಿಯುತ್ತದೆ.

ಯಾರಾದರೂ ರಕ್ತಪರೀಕ್ಷೆ ರಿಪೋರ್ಟ್ ಹಾಕಿದರೆ ಅಡ್ಮಿನ್ ತಕ್ಷಣ ಅಳಿಸಿ, ಆ ಮನೆಯವರಿಗೆ ಖಾಸಗಿಯಾಗಿ ಬರೆದು ಆರೋಗ್ಯ ಸಹಾಯವಾಣಿ 104, ತುರ್ತಿಗೆ 108 ಕೊಡಬೇಕು. ಎಲ್ಲರೆದುರು ಸಲಹೆ ಬೇಡ.

ಮೆಸೇಜ್ ಓದಿದ್ದಾರೆಂದು ತೋರಿಸುವ ನೀಲಿ ಟಿಕ್ ಎಣಿಸಿ ಫಲ ಅಳೆಯಲಾಗದು. ಆಶಾ ಕಾರ್ಯಕರ್ತೆಯರು ಮನೆ ನೋಡಲು ಬಂದಾಗ, ನೋಡಿದ ನೂರು ಮನೆಯಲ್ಲಿ ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಎಂಬುದನ್ನು ಬೀದಿವಾರು ಕೇಳಿಕೊಳ್ಳಿ. ಡ್ರಮ್ಮುಗಳು ಚೊಕ್ಕವಾಗಿದ್ದೂ ಸೊಳ್ಳೆ ಕಡಿಮೆಯಾಗದಿದ್ದರೆ ಖಾಲಿ ಮನೆಯ ಸಂಪ್, ಲಿಫ್ಟ್ ಗುಂಡಿ, ಕಟ್ಟುತ್ತಿರುವ ಕಟ್ಟಡದಲ್ಲಿ ಕಾಂಕ್ರೀಟ್ ಗಟ್ಟಿಯಾಗಲೆಂದು ನಿಲ್ಲಿಸಿದ ಕ್ಯೂರಿಂಗ್ ನೀರು ನೋಡಬೇಕು. ಆಗ ಮುಂದಿನ ಮೆಸೇಜ್ ಹೋಗಬೇಕಾದ್ದು ಗ್ರೂಪಿಗಲ್ಲ, ಆ ಜಾಗದ ಮಾಲೀಕರಿಗೆ ಮತ್ತು ವಾರ್ಡಿನ ಆರೋಗ್ಯ ಸಿಬ್ಬಂದಿಗೆ.